ಬೀಗಿತ್ತಿಯ ಹಿಂದಿನ ಸೀಟಿನಲ್ಲಿ

ನಮ್ಮೂರಿನಲ್ಲಿ ಹೊರಟವರನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಬೇರೆ ಊರುಗಳಲ್ಲೂ ಹಾಗೆ ಕೇಳಬಾರದು ಅನ್ನುತ್ತಾರಂತೆ, ಆದರೆ ಅಲ್ಲಿ ಅದು ಶಕುನದ ವಿಚಾರ. ನಮ್ಮಲ್ಲಿ ರಸ್ತೆಯ ವಿಚಾರ. ಊರಿನಿಂದ ಹೊರಗೆ ಹೋಗಲು ಇರುವುದು ಒಂದೇ ರಸ್ತೆ. ಅದು ಗುಡ್ಡಗಳ ಪಕ್ಕೆಗೆ ಅಂಟಿಕೊಂಡು ಸುತ್ತಿ ಸುತ್ತಿ ಇಳಿದು, ಹೊಳೆಯ ಸೇತುವೆ ದಾಟಿ, ಆಚೆಯ ಪೇಟೆಗೆ ಸೇರುತ್ತದೆ. ಸುಮ್ಮನೆ ತಿರುಗಾಡಲು ಹೊರಟವರನ್ನು ಬೇಗ ಮುಟ್ಟಿಸಿಬಿಡುತ್ತದೆ. ಕೆಲಸ ಇಟ್ಟುಕೊಂಡು ಹೊರಟವರನ್ನು ಮುಟ್ಟಿಸುವುದಿಲ್ಲ. ತಿರುವಿನ ಹಿಂದೆ ತಿರುವು ಬರುತ್ತದೆ, ಬರುತ್ತಲೇ ಇರುತ್ತದೆ, ಕೊನೆಗೊಂದು ತಿರುವು ದಾಟಿದರೆ ನಮ್ಮೂರಿನದೇ ನೀರಿನ ಟ್ಯಾಂಕು ಎದುರಿಗೆ ನಿಂತಿರುತ್ತದೆ. ಮನೆಗೆ ಬರುವವರ ಹತ್ತಿರ ಮಾತ್ರ ಆ ರಸ್ತೆ ಯಾವತ್ತೂ ತಕರಾರು ಮಾಡಿದ್ದಿಲ್ಲ.

ಇದಕ್ಕೆ ನಾವು ಹೊಂದಿಕೊಂಡಿದ್ದೇವೆ. ಟಪಾಲಿನವನು ಗಾಳ ಹಿಡಿದುಕೊಂಡೇ ಹೋಗುತ್ತಾನೆ. ಹೊಳೆಯಲ್ಲಿ ಮೀನು ಚೆನ್ನಾಗಿರುವ ಕಾಲದಲ್ಲಿ ನಮಗೆ ಕಾಗದಗಳೂ ಬೇಗ ಬರುತ್ತವೆ. ದಿನಸಿ ಅಂಗಡಿಯವರು ಲಾರಿಗೆ ಡ್ರೈವರನ್ನು ಹುಡುಕುವಾಗ ಲೈಸೆನ್ಸಿಗಿಂತ ಮೊದಲು ಅವನಿಗೆ ಹಾಡಿನ ಹುಚ್ಚು ಇದೆಯೇ ಎಂದು ನೋಡುತ್ತಾರೆ. ಪರೀಕ್ಷೆ ಬರೆಯುವ ಮಕ್ಕಳನ್ನು ಕಬ್ಬಿನ ಹಾಲು ಕುಡಿಸುತ್ತೇವೆಂದು ಕರೆದೊಯ್ದು, ನಿಜವಾಗಿಯೂ ಕುಡಿಸಿ, ಆಮೇಲೆ ಪರೀಕ್ಷೆಯ ಬಾಗಿಲಲ್ಲಿ ಬಿಡುತ್ತಾರೆ. ಹಿಂದೆ ಒಂದು ಬಸ್ಸೂ ಇತ್ತು. ಬಸ್ಸು ತುಂಬ ಜನ, ಜನರ ತುಂಬ ಕೆಲಸ, ರಸ್ತೆ ತಾನೆ ಏನು ಮಾಡೀತು? ಬೆಳಗ್ಗೆ ಹೊರಟ ಬಸ್ಸು ಮಧ್ಯಾಹ್ನವಾದರೂ ತಿರುವುಗಳಲ್ಲೇ ಇರುತ್ತಿತ್ತು. ಬೇಸತ್ತ ಜನ ಒಳಗೇ ಚೌಕಾಬಾರ ಹಾಕಿಕೊಂಡು ಆಟದಲ್ಲಿ ಮುಳುಗಿದ ಮೇಲೆಯೇ ಪೇಟೆ ಸಿಗುತ್ತಿದ್ದದ್ದು. ಅಷ್ಟರಲ್ಲಿ ಪೇಟೆಯ ಕಚೇರಿಗಳೆಲ್ಲ ಬಾಗಿಲು ಹಾಕಿರುತ್ತಿದ್ದವು. ಬಸ್ಸು ನಿಂತಿತು. ಆಮೇಲೆ ನಾನು ಶುರು ಮಾಡಿದೆ.

ನನ್ನ ಹೆಸರು ದೇವೀರಮ್ಮ. ನನ್ನ ಹತ್ತಿರ ಒಂದು ದೊಡ್ಡ ಸ್ಕೂಟರಿದೆ. ಹೊಳೆಯ ಸೇತುವೆ ಕಟ್ಟಲು ಬಂದಿದ್ದ ಎಂಜಿನಿಯರೊಬ್ಬರು ವಾಪಸು ಹೋಗುವಾಗ ನನ್ನ ಗಂಡನಿಗೆ ಕೊಟ್ಟುಹೋದದ್ದು. ಮಾಮೂಲಿ ಸ್ಕೂಟರಲ್ಲ, ದಪ್ಪ ಟೈರು, ಎದುರಿಗೆ ಗಾಳಿ ತಡೆಯುವ ಗಾಜು, ಮಂಚದಂಥ ಸೀಟು, ಸೀಟಿನ ಕೆಳಗೆ ಒಂದು ಹುಂಜ ಆರಾಮಾಗಿ ಕೂರುವಷ್ಟು ಜಾಗ. ಕಪ್ಪಗೆ ಮೈತುಂಬಿಕೊಂಡು ನಿಂತಿರುತ್ತಿದ್ದುದರಿಂದ ಊರಿನವರು ಅದನ್ನು ಎಮ್ಮೆ ಎಂದು ಕರೆದರು. ನನ್ನ ಗಂಡ ಅದನ್ನು ಒರೆಸಿದ್ದೇ ಹೆಚ್ಚು, ಓಡಿಸಿದ್ದು ಕಡಿಮೆ. ಅವರು ಹೋದ ಮೇಲೆ ನಾನು ಹತ್ತಿದೆ.

ಓಡಿಸುವುದು ನನ್ನ ಕಸುಬಿನ ಅರ್ಧ. ಇನ್ನರ್ಧ, ಹಿಂದೆ ಕೂತವರಿಗೆ ಅವರ ಕೆಲಸ ಮರೆಸುವುದು. ಒಬ್ಬೊಬ್ಬರಿಗೆ ಒಂದೊಂದು ಮದ್ದು. ಕೋರ್ಟಿಗೆ ಹೊರಟ ಗೌಡರಿಗೆ ಅವರ ಮೀಸೆ ಎಡಗಡೆ ತುಸು ಕಮ್ಮಿಯಾಗಿದೆ ಎಂದರೆ ಸಾಕು, ಸೇತುವೆ ಬರುವವರೆಗೂ ಕನ್ನಡಿಯಿಂದ ಕಣ್ಣು ಕೀಳುತ್ತಿರಲಿಲ್ಲ. ಹೆಣ್ಣು ನೋಡಲು ಹೊರಟವರಿಗೆ ಹಳೆಯ ಯಾವುದಾದರೂ ಜಗಳ ನೆನಪಿಸುತ್ತಿದ್ದೆ. ಯಾವುದಕ್ಕೂ ಬಗ್ಗದವರನ್ನು ಮರಡಿ ತಿರುವಿನಲ್ಲಿ ಇಳಿಸಿ ಕಾರೆಹಣ್ಣು ಕೀಳಲು ಹಚ್ಚುತ್ತಿದ್ದೆ. ಕೈಗೆ ಮುಳ್ಳು ಚುಚ್ಚಿದವನಿಗೆ ತಹಸೀಲ್ದಾರರ ನೆನಪಿರುವುದಿಲ್ಲ. ನನಗೆ ಮಾತ್ರ ಮದ್ದು ಬೇಕಿರಲಿಲ್ಲ. ಆ ರಸ್ತೆಯಲ್ಲಿ ಎಮ್ಮೆಯನ್ನು ಬಾಗಿಸುವುದಿದೆಯಲ್ಲ, ಅದೇ ನನಗೆ ಸಾಕಾಗಿತ್ತು. ತಿರುವಿಗೆ ಮುಂಚೆ ವೇಗ ಇಳಿಸಿ, ಕಣ್ಣನ್ನು ತಿರುವಿನ ಆಚೆ ತುದಿಗೆ ಇಟ್ಟು ಮೈ ಸಡಿಲ ಬಿಟ್ಟರೆ ಗಾಡಿ ತಾನಾಗಿ ಒರಗುತ್ತದೆ, ತಾನಾಗಿ ಏಳುತ್ತದೆ. ಒಂದು ಕಡೆ ಬಂಡೆಯ ತಂಪು, ಇನ್ನೊಂದು ಕಡೆ ಕಣಿವೆಯ ಬಿಸಿಗಾಳಿ, ನಡುವೆ ಹುರುಳಿ ಹೊಲದ ವಾಸನೆ. ಪೇಟೆ ಬಂತಲ್ಲ ಎಂದು ಬೇಜಾರಾಗುತ್ತಿತ್ತೇ ಹೊರತು ಬರಲಿಲ್ಲವಲ್ಲ ಎಂದು ಒಂದು ದಿನವೂ ಅನ್ನಿಸಿದ್ದಿಲ್ಲ. ಅಲ್ಲಿ ನನಗಾಗಬೇಕಾದದ್ದು ಏನೂ ಇರಲಿಲ್ಲವಲ್ಲ.

ಹಾಗಿದ್ದವಳಿಗೆ ಒಂದು ಬೆಳಗ್ಗೆ ಫೋನು ಬಂತು. ಮಾಡಿದವನು ನನ್ನ ತಂಗಿ ಗಂಗಮಾಳಮ್ಮನ ಗಂಡ, ಪೇಟೆಯವನು, ಒಳ್ಳೆಯವನೇ. ಅವಳ ಹೊಟ್ಟೆಯಲ್ಲಿ ಗಡ್ಡೆ ಇದೆ, ತೆಗೆಯಬೇಕು ಎನ್ನುವುದು ನನಗೂ ತಿಳಿದಿತ್ತು. ನಮ್ಮೂರಿನವರಾಗಿದ್ದರೆ, ಹಲಸಿನ ಹಣ್ಣು ಕೊಯ್ದಿದ್ದೇವೆ, ಇತ್ತ ತಿರುಗಾಡಿಕೊಂಡು ಬಂದರೆ ಬನ್ನಿ, ಎಂದು ಹೇಳಿ ಇಟ್ಟುಬಿಡುತ್ತಿದ್ದರು. ನಾವೂ ಅರ್ಥವಾದರೂ ಆಗದವರ ಹಾಗೆ ಗಾಡಿ ಹತ್ತುತ್ತಿದ್ದೆವು. ಅವನಿಗೆ ಅದು ಎಲ್ಲಿ ಗೊತ್ತಾಗಬೇಕು? ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಅತ್ತಿಗೆ, ಇವ್ಳು ಟೇಬಲ್ ಹತ್ತಲ್ಲ ಅಂತ ಹಟ ಹಿಡ್ದವ್ಳೆ. ಅಕ್ಕನ ಮುಖ ನೋಡ್ದೆ ಒಳಕ್ಕೆ ಹೋಗಲ್ವಂತೆ. ಡಾಕ್ಟ್ರಮ್ಮ ಇವತ್ತು ಸಂಜೆಗಂಟ ಇರ್ತಾರೆ, ಆಮೇಲೆ ಬರೋದು ಮುಂದಿನ ತಿಂಗ್ಳೇ. ಅಲ್ಲೀಗಂಟ ಇಟ್ಕಳೋ ಹಂಗಿಲ್ಲ ಅಂದವ್ರೆ."

ಹೀಗೆ ಹೇಳಿ, ಕೆಲಸವನ್ನು ಮೊಳೆ ಹೊಡೆದ ಹಾಗೆ ನನ್ನ ಕಿವಿಗೆ ಹೊಡೆದು, ಫೋನಿಟ್ಟ.

ಹೊರಟೆ. ಮರಡಿ ತಿರುವು ದಾಟಿತು, ಗೂನು ತಿರುವು ದಾಟಿತು, ಆಮೇಲೆ ನನಗೆ ಪರಿಚಯವೇ ಇಲ್ಲದ ತಿರುವುಗಳು ಶುರುವಾದವು. ಇಷ್ಟು ವರ್ಷ ಓಡಿಸಿದ ರಸ್ತೆಯಲ್ಲಿ ನಾನು ಅವನ್ನು ನೋಡಿರಲಿಲ್ಲ. ನನ್ನ ಗಿರಾಕಿಗಳು ನೋಡಿದ್ದಿರಬೇಕು. ಟ್ಯಾಂಕು ಬಂತು. ಮತ್ತೆ ಹೊರಟೆ, ಹಾಡು ಹೇಳಿಕೊಂಡೆ, ಟ್ಯಾಂಕು ಬಂತು. ಇಳಿದು ಕಾರೆಹಣ್ಣು ಕಿತ್ತೆ, ಬೇಕೆಂದೇ ಮುಳ್ಳು ಚುಚ್ಚಿಸಿಕೊಂಡೆ. ಮಾಡುವಾಗಲೇ ಗೊತ್ತಿತ್ತು, ಯಾತಕ್ಕೆ ಚುಚ್ಚಿಸಿಕೊಳ್ಳುತ್ತಿದ್ದೇನೆ ಎಂದು ತಿಳಿದಿರುವವರಿಗೆ ಮುಳ್ಳು ಏನು ಮಾಡುತ್ತದೆ? ಮದ್ದು ಅರೆಯುವವಳಿಗೆ ಅದರ ರುಚಿ ಮೊದಲೇ ಗೊತ್ತು. ಟ್ಯಾಂಕೇ ಬಂತು.

ಅಷ್ಟರಲ್ಲಿ ಊರಿಗೆಲ್ಲ ಸುದ್ದಿ ಹಬ್ಬಿತ್ತು. ಎಮ್ಮೆಯ ರಿಪೇರಿ ನೋಡಿಕೊಳ್ಳುವ ಗೌಸ್‌ಪೀರ್ ಅಂಗಡಿ ಮುಚ್ಚಿ ಬಂದು, ದೇವೀರಕ್ಕ ನೀನು ಹಿಂದೆ ಕೂರು, ನಾನು ಓಡಿಸುತ್ತೇನೆ, ನಗಿಸಿ ನಗಿಸಿ ಕರೆದೊಯ್ಯುತ್ತೇನೆ ಎಂದ. ಗೌಸ್‌ಪೀರ್ ಊರಿಗೇ ಹೆಸರಾದ ತಮಾಷೆಯ ಮನುಷ್ಯ. ಆದರೆ ಅವತ್ತು ಅವನು ಹೇಳಿದ ಒಂದು ನಗೆಮಾತಿಗೂ ತಲೆ ಇದ್ದರೆ ಬಾಲವಿರಲಿಲ್ಲ. ಗೂನು ತಿರುವಿನಲ್ಲಿ ಕನ್ನಡಿಯಲ್ಲಿ ನೋಡುತ್ತೇನೆ, ಅವನ ಕಣ್ಣು ತುಂಬಿದೆ. ಗಂಗಮಾಳ ಚಿಕ್ಕವಳಿದ್ದಾಗ ಅವನ ಸೈಕಲ್ ಟೈರು ಉರುಳಿಸಿಕೊಂಡು ಓಡಿದವಳಲ್ಲವೇ. ಗಾಡಿಯಲ್ಲಿ ಒಂದು ಕೆಲಸವಿದ್ದದ್ದು ಎರಡಾಯಿತು, ಟ್ಯಾಂಕು ಇನ್ನೂ ಬೇಗ ಬಂತು. ಪಕ್ಕದ ಮನೆಯ ಸಾವಂತ್ರಿ ಬಂದಳು, ಅವಳೂ ಅಷ್ಟೆ. ಹಿಂದೆ ಕೂತು ಒಂದೇ ಸಮ ಹರಕೆ ಹೊತ್ತುಕೊಳ್ಳುತ್ತಿದ್ದಳು. ಪ್ರೀತಿ ಇದ್ದವರೆಲ್ಲ ನನ್ನ ಕೆಲಸವನ್ನು ತಮ್ಮದು ಮಾಡಿಕೊಂಡುಬಿಡುತ್ತಿದ್ದರು. ಪ್ರೀತಿ ಬೇರೆ ಎಲ್ಲ ಕಡೆ ಕೆಲಸಕ್ಕೆ ಬರುತ್ತದೆ. ನಮ್ಮ ರಸ್ತೆಯಲ್ಲಿ ಬರುವುದಿಲ್ಲ.

ಹೊತ್ತು ನೆತ್ತಿಯಿಂದ ಇಳಿದಿತ್ತು. ಟ್ಯಾಂಕಿನ ಕಟ್ಟೆಯ ಮೇಲೆ ಕೂತು, ಅಳಲು ಪುರುಸೊತ್ತಿಲ್ಲವಾದ್ದರಿಂದ ಯೋಚನೆ ಮಾಡಿದೆ. ಮುಂದೆ ಕೂರುವವರಿಗೆ ನನ್ನ ತಂಗಿಯ ಚಿಂತೆ ಇರಬಾರದು. ಹಿಂದೆ ಕೂರುವ ನನಗೆ ಅದನ್ನು ಚಿಂತಿಸಲು ಬಿಡುವು ಸಿಗಬಾರದು. ಹಾಗಾದರೆ ಈ ಊರಿನಲ್ಲಿ ನಾನೂ ನನ್ನ ಪೈಕಿಯವರೂ ಹೇಗಿದ್ದರೆ ತನಗೇನು ಅನ್ನುವವರು ಯಾರಿದ್ದಾರೆ? ಹೆಚ್ಚು ಹುಡುಕಬೇಕಾಗಲಿಲ್ಲ. ಗಾಡಿ ತಿರುಗಿಸಿ ಹಿಟ್ಟಿನ ಗಿರಣಿಗೆ ಹೋದೆ.

ಗಿರಣಿ ನನ್ನ ಬೀಗಿತ್ತಿ ಚಿಕ್ಕತಾಯಮ್ಮನದು. ನನ್ನ ಮಗಳನ್ನು ಅವಳ ಮಗನಿಗೆ ಕೊಟ್ಟಿದ್ದೇನೆ. ಮಕ್ಕಳು ಚೆನ್ನಾಗಿದ್ದಾರೆ, ಮಾತು ಬಿಟ್ಟಿರುವುದು ನಾವು. ಬೀಗರೂಟದ ದಿನ ಅವಳು ಕೂತ ಪಂಕ್ತಿಗೆ ಬರುವ ಹೊತ್ತಿಗೆ ಬಕೆಟ್ಟಿನಲ್ಲಿ ತುಂಡು ಮುಗಿದು ಬರೀ ಮೂಳೆ ಮತ್ತು ಸಾರು ಉಳಿದಿತ್ತು. ಅಂದಿನಿಂದ ನಮ್ಮಿಬ್ಬರ ನಡುವೆ ಏನಿದ್ದರೂ ಮಗಳ ಮೂಲಕ, ಮಗಳಿಲ್ಲದಿದ್ದರೆ ನಾಯಿಗೋ ಬೆಕ್ಕಿಗೋ ಹೇಳುವ ಹಾಗೆ. ಆದರೆ ಒಂದು ಸಂಗತಿ ನಾನು ಗಮನಿಸಿದ್ದೆ. ಗಿರಣಿಯ ಮುಂದೆ ಎಮ್ಮೆ ಹಾದು ಹೋಗುವಾಗಲೆಲ್ಲ ಅವಳ ಕೈಯಲ್ಲಿನ ಜರಡಿ ನಿಲ್ಲುತ್ತಿತ್ತು. ನೋಟ ನನ್ನ ಮೇಲೆ ಇರುತ್ತಿರಲಿಲ್ಲ. ಅವಳ ಹತ್ತಿರವೂ ಒಂದು ಹಳೆಯ ಮೊಪೆಡ್ ಇತ್ತು, ಮೂಟೆ ಹೇರುವುದಕ್ಕೆ. ಬರೀ ಅನ್ನ ತಿನ್ನುವವರು ಹಬ್ಬದೂಟ ನೋಡುವ ಹಾಗೆ ಅವಳು ಎಮ್ಮೆಯನ್ನು ನೋಡುತ್ತಿದ್ದಳು.

ಹುಬ್ಬಿನ ಮೇಲೆಲ್ಲ ರಾಗಿ ಹಿಟ್ಟು ಕೂತಿದ್ದ ಚಿಕ್ಕತಾಯಮ್ಮ ನನ್ನನ್ನು ಕಂಡು ಯಂತ್ರ ನಿಲ್ಲಿಸಲಿಲ್ಲ. ನಾನು ತಂಗಿಯ ಮಾತೆತ್ತಲಿಲ್ಲ, ಎತ್ತಿದ್ದರೆ ಕೆಟ್ಟೆ. ಕೀಲಿಯನ್ನು ಅವಳೆದುರಿನ ಹಲಗೆಯ ಮೇಲಿಟ್ಟು, ಒಂದು ಸುತ್ತು ಓಡಿಸುವುದಾದರೆ ಓಡಿಸಿ ಎಂದೆ. ಅವಳು ಕೀಲಿ ನೋಡಿದಳು, ಹೊರಗೆ ಬಿಸಿಲಲ್ಲಿ ಹೊಳೆಯುತ್ತಿದ್ದ ಎಮ್ಮೆ ನೋಡಿದಳು. ಆಮೇಲೆ ಗಿರಣಿಯ ಬಾಯಿಗೆ ಹೇಳಿದಳು.

"ಕೇಳಿಸ್ಕೊ. ಅವತ್ತು ಮೂಳೆ ಬಡ್ಸಿದೋರು ಇವತ್ತು ಕೀಲಿ ಬಡಿಸ್ತವ್ರೆ."

ಅವಳು ಯಂತ್ರ ನಿಲ್ಲಿಸಿ, ಸೆರಗು ಸೊಂಟಕ್ಕೆ ಬಿಗಿದು, ಕೀಲಿ ತೆಗೆದುಕೊಂಡಳು. ನಾನು ಹಿಂದಿನ ಸೀಟು ಹತ್ತಿದಾಗ ತಿರುಗಿ ನೋಡಿ, ಮೂಟೆ ಇಲ್ಲದೆ ಗಾಡಿ ಓಡಿಸಿದ ಅಭ್ಯಾಸ ತನಗೂ ಇಲ್ಲ, ಇರಲಿ, ಆದರೆ ಮೂಟೆ ಮಾತಾಡಬಾರದು ಎಂದಳು.

ಅದೇ ಮೊದಲು ನಾನು ನನ್ನ ಗಾಡಿಯಲ್ಲಿ ಪರರ ಬೆನ್ನು ನೋಡಿಕೊಂಡು ಕಷ್ಟಪಟ್ಟು ಕೂತದ್ದು. ಗೌಸ್‌ಪೀರ್ ಓಡಿಸುವಾಗ ಕಣ್ಣು ಮುಚ್ಚಿಕೊಳ್ಳಬಹುದಿತ್ತು, ಅವನ ಕೈ ಅಂಥದು. ಚಿಕ್ಕತಾಯಮ್ಮ ಮೂಟೆ ಹೇರಿದ ಮೊಪೆಡ್ಡಿಗೆ ತಿರುಚುವ ಹಾಗೆ ಎಕ್ಸಿಲರೇಟರ್ ತಿರುಚಿದಳು. ಎಮ್ಮೆ ನೆಗೆಯಿತು. ಗಿರಣಿ ಮುಂದಿನ ಕೋಳಿಗಳು ಸೂರು ಹತ್ತಿದವು. ನಮ್ಮ ಬಲಕ್ಕೆ ಉಳಿಯಬೇಕಾದ ಟ್ಯಾಂಕು, ಅವಳು ರಸ್ತೆ ಬಿಟ್ಟು ಸುತ್ತಿದ್ದರಿಂದ, ಎಡಕ್ಕೆ ಉಳಿಯಿತು. ಮರಡಿ ತಿರುವಿಗೆ ಅವಳು ವೇಗ ಇಳಿಸಲಿಲ್ಲ. ತಿರುವಿನ ಒಳಗೆ ಹೋದ ಮೇಲೆ ಬ್ರೇಕು ಅದುಮಿ, ಎರಡೂ ಕಾಲು ಆಚೆ ಚಾಚಿ, ಹೋ ಎಂದಳು, ಎತ್ತಿಗೆ ಹೇಳುವ ಹಾಗೆ. ನಾನು ಅವಳ ನಡು ಅಪ್ಪಿ ಹಿಡಿದೆ.

"ಕಾಲು ಒಳಗಿಡಿ ಬೀಗ್ರೇ," ಎಂದೆ.

"ನೀವು ಬಾಯಿ ಒಳಗಿಡಿ," ಎಂದಳು.

ಬ್ರೇಕು ಮುಂಚೆಯೇ ಹಿಡಿಯಬೇಕು, ತಿರುವಿನ ಒಳಗಲ್ಲ ಎಂದು ಹೇಳಿದೆ. ಕೇಳಿಸಲಿಲ್ಲ. ಕಣ್ಣು ದೂರಕ್ಕಿಡಿ ಎಂದೆ. ಕಣ್ಣಿಗೆ ಹಿಟ್ಟು ಬಿದ್ದಿದೆ ಎಂದಳು. ಅವಳು ಎಡಕ್ಕೆ ಬಾಗಿದರೆ ನನ್ನ ಮೈ ತಾನಾಗಿ ಬಲಕ್ಕೆ ಬಿಗಿಯುತ್ತಿತ್ತು, ಗಾಡಿ ಎತ್ತ ಹೋಗಲಿ ಎಂದು ತಿಳಿಯದೆ ರಸ್ತೆಯ ನಡುವೆ ಓಲಾಡುತ್ತಿತ್ತು. ಇದಕ್ಕೂ ಬೈಸಿಕೊಂಡದ್ದು ನಾನೇ: ರಾಗಿ ಮೂಟೆಯೇ ವಾಸಿ, ಕಟ್ಟಿದ ಕಡೆ ಇರುತ್ತದೆ. ಹಾಗೆ ಕೂರಲು ನಾನೇನು ಕಟ್ಟಿಸಿಕೊಂಡ ಮೂಟೆಯಲ್ಲ ಎಂದೆ. ಅಲ್ಲ ಬಿಡಿ, ಮೂಟೆಗೆ ಊಟದ ತಪ್ಪನ್ನು ಬಡಿಸುವವರ ಮೇಲೆ ಹಾಕಿ ತಪ್ಪಿಸಿಕೊಳ್ಳಲು ಬರುವುದಿಲ್ಲ ಎಂದಳು. ಅಲ್ಲಿಗೆ ಬೀಗರೂಟ ಬಂತು.

ಬಡಿಸುವವನಿಗೆ ನಾನು ಬೀಗಿತ್ತಿ ಕೂತ ಕಡೆಯಿಂದ ಶುರು ಮಾಡು ಎಂದೇ ಹೇಳಿದ್ದೆ, ಅವನು ಆ ಕಡೆಯನ್ನು ಈ ಕಡೆ ಮಾಡಿಕೊಂಡ ಎಂದು ಗಾಳಿಯಲ್ಲಿ ಕೂಗಿ ಹೇಳಿದೆ. ಚಿಕ್ಕತಾಯಮ್ಮ ಪೂರ್ತಿ ತಿರುಗಿ ನನ್ನ ಮುಖ ನೋಡಿದಳು. ರಸ್ತೆ ನೋಡಿ ಎಂದು ನಾನು ಅವಳ ಕೆನ್ನೆ ಹಿಡಿದು ಮುಂದಕ್ಕೆ ತಿರುಗಿಸಿದೆ.

"ತುಂಡು ಯಾವಳಿಗೆ ಬೇಕಿತ್ತು," ಎಂದಳು ಮುಂದೆ ನೋಡಿಕೊಂಡು. "ಮನೇಲಿ ತಿಂದಿಲ್ವ ನಾನು. ಪಂಕ್ತಿ ಪೂರ್ತಿ ಕಾದೆ. ಒಂದ್ಸಲ ಬಂದು, ಹಾಕ್ಕಳಿ ಬೀಗ್ರೇ ಅಂತ ಒಂದ್ ಮಾತು ಅಂದಿದ್ರೆ ಮೂಳೇನೇ ಚೀಪ್ಕೊಂಡು ಎದ್ ಹೋಗ್ತಿದ್ದೆ."

ನಾನು ಬರುವುದಾದರೂ ಹೇಗೆ, ಅವಳ ಕಡೆಯ ನೆಂಟರನ್ನೇ ಎಮ್ಮೆಯ ಮೇಲೆ ಪೇಟೆಯಿಂದ ತಂದು ತಂದು ಇಳಿಸುತ್ತಿದ್ದೆನಲ್ಲ. ಅದನ್ನೂ ಕೂಗಿ ಹೇಳಿದೆ. ಅವಳ ಸೋದರಮಾವ ಒಂದೊಂದು ತಿರುವಿನಲ್ಲೂ ಇಳಿಸು ಎಂದು ನನ್ನ ಜಡೆ ಹಿಡಿದುಕೊಂಡಿದ್ದನ್ನೂ ಹೇಳಿದೆ. ಅವಳ ಬೆನ್ನು ಕುಲುಕತೊಡಗಿತು. ನಗುತ್ತಿದ್ದಳು. ನಗುತ್ತಾ ಗೂನು ತಿರುವನ್ನು ತೆಗೆದುಕೊಂಡಳು, ನೋಡಿ, ಎಷ್ಟು ಚೆನ್ನಾಗಿ ತೆಗೆದುಕೊಂಡಳು ಎಂದರೆ ನನ್ನ ಮೈಯೂ ಅವಳ ಜೊತೆಗೇ ಒರಗಿ ಜೊತೆಗೇ ಎದ್ದಿತು. ಹುರುಳಿ ಹೊಲ ಹಾದುಹೋಯಿತು. ಹಿಂದೆ ಕೂತರೆ ಕಣಿವೆ ಇಷ್ಟು ಚೆನ್ನಾಗಿ ಕಾಣುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಸೇತುವೆಗೆ ಮುಂಚಿನ ಕಡೆಯ ತಿರುವು ಉದ್ದನೆಯದು, ಬಲಕ್ಕೆ ಒಂದೇ ಬಂಡೆ. ಅಲ್ಲಿ ನನಗೆ ಹೊಳೆಯ ವಾಸನೆ ಬಂತು. ವಾಸನೆಯ ಹಿಂದೆ ಪೇಟೆ ನೆನಪಾಯಿತು, ಪೇಟೆಯ ಹಿಂದೆ ಆಸ್ಪತ್ರೆಯ ಮಂಚ, ಮಂಚದ ಮೇಲೆ ಕಾಲು ಇಳಿಬಿಟ್ಟು ಬಾಗಿಲು ನೋಡುತ್ತಾ ಕೂತ ಗಂಗಮಾಳ. ಮುಗಿಯಬೇಕಾಗಿದ್ದ ಬಂಡೆ ಮುಗಿಯಲಿಲ್ಲ. ಬೆಳೆಯುತ್ತಾ ಹೋಯಿತು. ಆ ಬಂಡೆಯ ಕೊನೆಯಲ್ಲಿ ಏನು ನಿಂತಿರುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ನಾನು ಕಣ್ಣು ಮುಚ್ಚಿದೆ, ಮುಚ್ಚಿದರೆ ಅವಳ ಮುಖ ಇನ್ನೂ ಹತ್ತಿರ ಬಂತು.

ಆಗ ಚಿಕ್ಕತಾಯಮ್ಮ, ಥೂ ಈ ಸೆರಗು, ಎಂದು ಎರಡೂ ಕೈ ಬಿಟ್ಟಳು.

ಹ್ಯಾಂಡಲಿನಿಂದ ಎರಡೂ ಕೈ ಬಿಟ್ಟು ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಾಳೆ. ಎಮ್ಮೆ ಕಣಿವೆಯ ಕಡೆ ವಾಲುತ್ತಿದೆ. ನನ್ನ ಬಾಯಿಂದ ಏನು ಬಂತೋ ದೇವರಿಗೇ ಗೊತ್ತು. ಅವಳ ಎರಡೂ ಕಂಕುಳ ಸಂದಿಯಿಂದ ಕೈ ತೂರಿಸಿ ಹ್ಯಾಂಡಲು ಹಿಡಿದು, ಅವಳ ಬೆನ್ನಿಗೆ ಎದೆ ಒತ್ತಿ ಬಲಕ್ಕೆ ಎಳೆದೆ. ಚಕ್ರ ಜಲ್ಲಿಯ ಮೇಲೆ ಜಾರಿತು, ಮತ್ತೆ ಟಾರು ಹಿಡಿಯಿತು. ಅವಳನ್ನೂ ಅವಳ ಗಿರಣಿಯನ್ನೂ ಅವಳಿಗೆ ಮೊಪೆಡ್ ಕಲಿಸಿದವರನ್ನೂ ಬೈಯುತ್ತಿದ್ದೆ. ಬೈಯುತ್ತಿರುವಾಗಲೇ ಕೆಳಗೆ ಚಕ್ರದ ಸದ್ದು ಬದಲಾಯಿತು. ಗಡಗಡ ಎಂದು ಟೊಳ್ಳು ಸದ್ದು. ನಾವು ಸೇತುವೆಯ ಮೇಲಿದ್ದೆವು.

ಸೇತುವೆ ದಾಟಿದ ಮೇಲೆ ರಸ್ತೆಗೆ ನಮ್ಮ ಮೇಲೆ ಅಧಿಕಾರವಿಲ್ಲ. ಈಗ ಯಾರನ್ನು ಬೇಕಾದರೂ ನೆನೆಯಬಹುದಿತ್ತು. ನಾನು ಅವಳ ಬೆನ್ನಿಗೆ ಹಣೆ ಒತ್ತಿಕೊಂಡು, ಆಸ್ಪತ್ರೆಗೆ ಹೋಗಿ ಎಂದೆ. ಅವಳು ಯಾಕೆ ಎನ್ನದೆ ಗಾಡಿ ಅತ್ತ ತಿರುಗಿಸಿದಳು.

ಡಾಕ್ಟರಮ್ಮ ಕೈಚೀಲ ಹೆಗಲಿಗೆ ಹಾಕಿಕೊಂಡು ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ತಂಗಿಯ ಗಂಡ ಅವರೆದುರು ಕೈ ಮುಗಿಯುತ್ತಿದ್ದ. ಹಸಿರು ಬಟ್ಟೆ ಹಾಕಿಸಿಕೊಂಡ ಗಂಗಮಾಳ ನಾನು ನೆನೆಸಿದ ಹಾಗೆಯೇ ಕಾಲು ಇಳಿಬಿಟ್ಟು ಕೂತಿದ್ದಳು. ನನ್ನನ್ನು ನೋಡಿದಳು. ಅಪ್ಪಿಕೊಳ್ಳುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ.

"ತಡ ಮಾಡ್ದೆ ಕಣಕ್ಕ," ಎಂದಳು. ಅಷ್ಟೇ. ತಾನೇ ಇಳಿದು, ತಾನೇ ನಡೆದು ಒಳಗೆ ಹೋದಳು. ಡಾಕ್ಟರಮ್ಮ ನನ್ನ ಕಡೆ ಒಂದು ನೋಟ ಬೀರಿ, ಚೀಲ ನರ್ಸಿನ ಕೈಗೆ ಕೊಟ್ಟು ಅವಳ ಹಿಂದೆ ಹೋದರು.

ಆಮೇಲಿನ ಹೊತ್ತನ್ನು ಬೆಂಚಿನ ಮೇಲೆ ಕಳೆದೆ. ಕಿಟಕಿಯ ಬಿಸಿಲು ಗೋಡೆ ಹತ್ತಿ ಮಾಡು ಮುಟ್ಟುವ ಹೊತ್ತಿಗೆ ನರ್ಸು ಒಂದು ಸ್ಟೀಲಿನ ತಟ್ಟೆ ಹಿಡಿದು ಬಂದಳು, ತೆಗೆದದ್ದನ್ನು ಮನೆಯವರಿಗೆ ತೋರಿಸಬೇಕಂತೆ. ತಂಗಿಯ ಗಂಡ ನೋಡಲಾರದೆ ಹೊರಗೆ ಹೋದ. ನಾನು ನೋಡಿದೆ. ಹಿಂದೆಯೇ ಬಂದ ಡಾಕ್ಟರಮ್ಮ, ಪರೀಕ್ಷೆಗೆ ಕಳಿಸುತ್ತೇವೆ, ಅದು ಕ್ರಮ, ಆದರೆ ನನ್ನ ಕಣ್ಣಿಗೆ ಇದು ಕೆಟ್ಟ ಗಡ್ಡೆಯಲ್ಲ, ನಿಮ್ಮ ತಂಗಿಗೆ ಎಚ್ಚರವಾಗುತ್ತಿದೆ, ಆಗಲೇ ಟೀ ಕೇಳುತ್ತಿದ್ದಾರೆ, ಕೊಡಬೇಡಿ, ಎಂದರು.

ಹೊರಗೆ ಬಂದರೆ ಎಮ್ಮೆಯೂ ಇಲ್ಲ, ಚಿಕ್ಕತಾಯಮ್ಮನೂ ಇಲ್ಲ. ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಹೊಳೆಯ ಕಡೆಯಿಂದ ಬಂದಳು. ಈಗ ಕಾಲು ಒಳಗಿದ್ದವು. ತಿರುವಿಗೆ ಮುಂಚೆಯೇ ವೇಗ ಇಳಿಸಿ, ಒರಗಿಸಿ, ಎಬ್ಬಿಸಿ, ಮೆಟ್ಟಿಲ ಮುಂದೆ ತಂದು ನಿಲ್ಲಿಸಿದಳು. ಹುಬ್ಬಿನ ಹಿಟ್ಟೆಲ್ಲ ಗಾಳಿಗೆ ಹಾರಿಹೋಗಿತ್ತು. ನನ್ನ ಪಕ್ಕ ಕೂತು, ಹೊಳೆ ದಂಡೆಯ ರಸ್ತೆಯಲ್ಲಿ ಹೋಗಿ ಬಂದೆ, ಬಲು ಚೆನ್ನಾಗಿದೆ ಎಂದಳು.

ನಾನು, ನಿಮಗೆ ಹೇಳದೆ ಕರೆತಂದೆ, ಬೇಜಾರು ಮಾಡಿಕೊಳ್ಳಬೇಡಿ ಎಂದೆ.

"ಗೊತ್ತಿತ್ತು," ಎಂದಳು. "ಬೆಳಗ್ಗಿಂದ ಹಿಟ್ಟು ಬೀಸ್ಕೊಳ್ಳೋಕೆ ಬಂದೋರೆಲ್ಲ ಅದ್ನೇ ಹೇಳ್ತಿದ್ರು."

ಗೊತ್ತಿದ್ದೂ ರಸ್ತೆ ಹೇಗೆ ಬಿಟ್ಟಿತು ಎಂದು ಕೇಳಿದೆ.

"ಗಾಡಿ ಕೈಗೆ ಬಂತಲ್ಲ. ಆಮೇಲೆ ನಿಮ್ ತಂಗಿ ಯಾರಿಗೆ ನೆನಪಿದ್ಲು." ಸೆರಗಿನಿಂದ ಮುಖ ಒರೆಸಿಕೊಂಡಳು. ಆಸ್ಪತ್ರೆಯ ಬಾಗಿಲ ಕಡೆ ನೋಡಿ, ಆಮೇಲೆ ನನ್ನ ಕಡೆ ತಿರುಗಿದಳು. "ಈಗ ಕೇಳ್ಬೋದಲ್ಲ. ಹೆಂಗವ್ರೆ?"

ಹೇಳಿದೆ. ಡಾಕ್ಟರಮ್ಮ ಹೇಳಿದ್ದು, ಅವಳು ತಾನೇ ನಡೆದು ಹೋದದ್ದು, ಟೀ ಕೇಳಿದ್ದು. ಗಡ್ಡೆ ಎಷ್ಟಿತ್ತು ಎಂದು ಕೇಳಿದಳು. ಇಷ್ಟು ಎಂದು ಮುಷ್ಟಿ ಹಿಡಿದು ತೋರಿಸಿದೆ. ಅವಳು ನೋಡಿ ತಲೆಯಾಡಿಸಿದಳು. ನಾನು ಕೈ ಇಳಿಸಲು ಹೋದರೆ ಮುಷ್ಟಿ ಬಿಚ್ಚಲಿಲ್ಲ. ಬೆರಳುಗಳು ಬೆಳಗ್ಗೆಯಿಂದ ಬಿಗಿದುಕೊಂಡೇ ಇದ್ದವೋ ಏನೋ, ನನ್ನ ಮಾತು ಕೇಳುತ್ತಿರಲಿಲ್ಲ. ಚಿಕ್ಕತಾಯಮ್ಮ ಆ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ರಸ್ತೆಯ ಕಡೆ ನೋಡುತ್ತಾ, ಒಂದೊಂದೇ ಬೆರಳು ಬಿಡಿಸಿದಳು.